ಬಕ್ಕತಲೆ ಮಾಸ್ತರರ ಹಣಿಗೆ

ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಹಣಿಗೆ ಇರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ನನ್ನನ್ನು ಎದುರಿಗೆ ಕಂಡವರು ಮೊದಲು ಹಣಿಗೆಯನ್ನು ನೋಡುತ್ತಾರೆ, ಆಮೇಲೆ ತಲೆಯನ್ನು ನೋಡುತ್ತಾರೆ, ಆಮೇಲೆ ಸೌಜನ್ಯಕ್ಕಾಗಿ ಬೇರೆ ಕಡೆ ನೋಡುತ್ತಾರೆ. ತಲೆಯ ಮೇಲೆ ಕೂದಲು ಪೂರ್ತಿ ಇಲ್ಲವೆಂದಲ್ಲ. ಕಿವಿಗಳ ಮೇಲೆ ಒಂದಿಷ್ಟು, ಹಿಂಭಾಗದಲ್ಲಿ ಒಂದಿಷ್ಟು ಉಳಿದುಕೊಂಡಿವೆ. ಹಣಿಗೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ಕಂದು ಬಣ್ಣ, ಒಂದು ಹಲ್ಲು ಮುರಿದಿದೆ. ನಾನು ನೌಕರಿಗೆಂದು ಸಿಂಧನೂರಿಗೆ ಬಂದಾಗ ಅದಕ್ಕೆ ಕೈತುಂಬ ಕೆಲಸವಿತ್ತು. ಕೂದಲು ಹೋಗುವಾಗ ಒಮ್ಮೆಲೇ ಹೇಳಿ ಹೋಗಲಿಲ್ಲ. ಹಾಗಾಗಿ ಹಣಿಗೆಗೆ ನೀನೂ ಹೋಗು ಎಂದು ಹೇಳುವ ಸಂದರ್ಭ ನನಗೆ ಬರಲೇ ಇಲ್ಲ.

ನನ್ನ ಹೆಂಡತಿ ಸರೋಜಾ ಅಂಗಿ ಒಗೆಯಲು ಹಾಕುವಾಗಲೆಲ್ಲ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾಳೆ. "ಯಾರು ನೋಡ್ತಾರಂತ ಇದನ್ನ ಇಟ್ಕೊಂಡು ತಿರಗ್ತೀರಿ?" ಎನ್ನುತ್ತಾಳೆ. ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ನನಗೆ ಎಂಥೆಂಥ ಸಾಮ್ರಾಜ್ಯಗಳ ಪತನದ ಕಾರಣಗಳು ಬಾಯಿಗೆ ಬರುತ್ತವೆ. ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರಲಿಲ್ಲ.

ಇಂಥ ನನ್ನನ್ನು ಈ ವರ್ಷ ನಮ್ಮ ಕಾಲೇಜಿನಲ್ಲಿ ಕೇಶಾಲಂಕಾರದ ಮುಖ್ಯಸ್ಥನನ್ನಾಗಿ ಮಾಡಿದರು. ಸಂಗತಿ ಹೀಗೆ. ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊಗಳ ಒಂದು ಸ್ಪರ್ಧೆ ಇತ್ತು. ತಿಂಗಳ ಕೊನೆಯೊಳಗೆ ಹಾಡು ಚಿತ್ರೀಕರಿಸಿ ಕಳಿಸಬೇಕು. ಪ್ರಿನ್ಸಿಪಾಲರು ಸಭೆ ಕರೆದು ಕೆಲಸ ಹಂಚಿದರು. ಊಟ ತಿಂಡಿ ವಾಣಿಜ್ಯ ವಿಭಾಗಕ್ಕೆ ಹೋಯಿತು, ಪತ್ರವ್ಯವಹಾರ ರಾಜ್ಯಶಾಸ್ತ್ರಕ್ಕೆ ಹೋಯಿತು. ಉಡುಪು, ಕೂದಲು, ಮೇಕಪ್ಪು ಉಳಿದವು. "ಹಳೇ ಕಾಲದ ಉಡುಪು ಇತಿಹಾಸದವರಿಗೇ ಗೊತ್ತು" ಎಂದು ಅವರು ನನ್ನ ಕಡೆ ನೋಡಿದರು. ಕೂದಲಿನ ಮಾತು ಬಂದಾಗ ಸ್ಟಾಫ್‌ರೂಮಿನಲ್ಲಿ ಯಾರೋ ಕೆಮ್ಮಿದರು. ನಾನೂ ಕೆಮ್ಮಿ ಒಪ್ಪಿಕೊಂಡೆ.

ಹಾಡು ಹುಲಿಗೆಮ್ಮನದು. ಆಕೆ ಬಿ.ಎ. ಎರಡನೆಯ ವರ್ಷದ ಹುಡುಗಿ, ದಿನಾ ಬಳಗಾನೂರಿನಿಂದ ಬಸ್ಸಿಗೆ ಬರುತ್ತಾಳೆ. ತರಗತಿಯಲ್ಲಿ ಹಾಜರಿ ಕೂಗಿದರೆ ಕೇಳಿಯೂ ಕೇಳದಷ್ಟು ಸಣ್ಣಗೆ 'ಎಸ್ ಸರ್' ಅನ್ನುವ ಹುಡುಗಿ ಹಾಡಲು ನಿಂತರೆ ಹೊರಗಿನ ಕಾರಿಡಾರಿನಲ್ಲಿ ಹೋಗುವವರೂ ನಿಲ್ಲುತ್ತಾರೆ. ಆಕೆಯ ತಾಯಿ ದುರ್ಗಮ್ಮ ಗದ್ದೆಗೆ ನೆಲ್ಲು ಹಚ್ಚಲು, ಅಂದರೆ ಭತ್ತದ ನಾಟಿಗೆ, ಕೂಲಿ ಹೋಗುವವರು. ಸಸಿ ಹಚ್ಚುವಾಗ ಗುನುಗುವ ಧಾಟಿಯೊಂದನ್ನು ಹಿಡಿದು ಮಗಳು ಹಾಡು ಕಟ್ಟಿದ್ದಳು:

ಬಗ್ಗೀದ ಬೆನ್ನೀಗೆ ಮುಗಿಲ ಹೊದಿಕಿ
ಹಚ್ಚೀದ ಸಸಿಗೆಲ್ಲ ನೀರ ಹಾಸೀಗಿ

ವಿಡಿಯೊದಲ್ಲಿ ನೆಲ್ಲು ಹಚ್ಚುವ ಹೆಣ್ಣುಮಗಳಾಗಿ ಹಾಡುವುದೂ ಅವಳೇ ಎಂದು ತೀರ್ಮಾನವಾಯಿತು. ನಿರ್ದೇಶಕ ಸಿದ್ಧಾರ್ಥ, ಲಿಂಗಸುಗೂರಿನವನು, ನನ್ನ ಊರಿನ ಹುಡುಗನೆಂದು ನನಗೆ ಸ್ವಲ್ಪ ಸಲಿಗೆ. ಮೇಕಪ್ಪಿಗೆ ಮಸ್ಕಿಯ ಸುಜಾತಾ. ಇವಳು ಪಾರ್ಲರ್ ಕೆಲಸ ಕಲಿತು ಮದುವೆಯ ಹಂಗಾಮಿನಲ್ಲಿ ಮದುವಣಗಿತ್ತಿಯರನ್ನು ಸಿಂಗರಿಸಲು ಹೋಗುತ್ತಾಳೆ. ಉಳಿದ ದಿನಗಳಲ್ಲಿ ಕಾಲೇಜಿಗೂ ಬರುತ್ತಾಳೆ.

ನನ್ನ ಕೋಣೆಯಲ್ಲಿ ಸಭೆಗಳು ನಡೆದವು. ಸುಜಾತಾ ತನ್ನ ಪೆಟ್ಟಿಗೆ ತೆರೆದು ಒಂದೊಂದೇ ಸಾಮಾನು ತೆಗೆದು ಪರಿಚಯಿಸಿದಳು. ಮೊದಲು ಪ್ರೈಮರ್, ಆಮೇಲೆ ಫೌಂಡೇಶನ್, ಅದರ ಮೇಲೆ ಪೌಡರ್. ಗೋಡೆಗೆ ಪುಟ್ಟಿ ತುಂಬಿ ಬಣ್ಣ ಹೊಡೆಯುವ ಕ್ರಮ ಇದೇ ಅಲ್ಲವೇ ಎಂದೆ. ಆಕೆ ಪೌಡರ್ ಡಬ್ಬಿ ಮುಚ್ಚುತ್ತ, "ಹೌದ್ರಿ ಸರ್, ಆದ್ರ ಗ್ವಾಡಿ ನಗಂಗಿಲ್ಲ, ಅಳಂಗಿಲ್ಲ" ಎಂದಳು. ನಾನು ಪಾಠ ಕಲಿಸುವವನು ಎಂಬ ಭ್ರಮೆ ಅಂದೇ ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಸೀರೆಯ ವಿಷಯದಲ್ಲಿ. ಹಸಿರು ಗದ್ದೆ, ಹಸಿರು ಬಳೆ, ಆದ್ದರಿಂದ ಹಸಿರು ಸೀರೆ ಚೆನ್ನ ಎಂದು ನಾನು ಅಧಿಕಾರವಾಣಿಯಿಂದ ಹೇಳಿದೆ. ಹಸಿರಿನಲ್ಲಿ ಹಸಿರು ಉಟ್ಟು ನಿಂತರೆ ಹುಲಿಗೆಮ್ಮ ಕ್ಯಾಮರಾಕ್ಕೆ ಕಾಣುವುದೇ ಇಲ್ಲ, ಕುತ್ತಿಗೆಯಿಂದ ಮೇಲೆ ಮಾತ್ರ ಗಾಳಿಯಲ್ಲಿ ತೇಲುತ್ತಾಳೆ ಎಂದು ಸಿದ್ಧಾರ್ಥ ವಿನಯದಿಂದ ತಿಳಿಸಿದ. ಕೊನೆಗೆ ಎಲ್ಲರೂ ಒಂದೇ ದನಿಯಲ್ಲಿ ಒಪ್ಪಿದ್ದು ಇಳಕಲ್ ಸೀರೆ. ಕೆಂಪು ಸೆರಗು, ಮೂಗಿಗೆ ನತ್ತು, ಎರಡೂ ಕೈಗೆ ಡಜನ್ ಬಳೆ, ಜಡೆಗೆ ಮೊಳ ಹೂವು ಎಂದು ಸಿದ್ಧಾರ್ಥ ಒಂದು ಚಾರ್ಟಿನಲ್ಲಿ ಬರೆದುಕೊಂಡ. ಹಳ್ಳಿ ಎಂದರೆ ಇಳಕಲ್ ಸೀರೆ ಎಂಬುದು ನಮ್ಮೆಲ್ಲರ ತಲೆಯಲ್ಲಿ ಯಾವಾಗ ಕೂತಿತೋ ಗೊತ್ತಿಲ್ಲ. ಹುಲಿಗೆಮ್ಮ ಮಾತ್ರ ಏನೂ ಹೇಳದೆ ಸೀರೆಯ ಚಿತ್ರಗಳನ್ನು ಫೋನಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು.

ಸರೋಜಾ ಆರು ಸೀರೆ ಕೊಟ್ಟಳು, ಒಂದು ಷರತ್ತಿನ ಮೇಲೆ. "ಕೆಸರು ಹತ್ತಬಾರದು ನೋಡ್ರಿ." ನಾನು ಹೂಂ ಎಂದೆ. ನೆಲ್ಲು ಹಚ್ಚುವ ಹಾಡಿಗೆ ಕೆಸರು ಹತ್ತದ ಸೀರೆ ಎಂಬ ಮಾತಿನಲ್ಲಿ ಏನೋ ಎಡವಟ್ಟಿದೆ ಎಂದು ಎಂ.ಎ. ಓದಿದ ನನಗೂ ಹೊಳೆಯಲಿಲ್ಲ, ಸಿದ್ಧಾರ್ಥನ ಚಾರ್ಟಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ತಾಲೀಮಿಗೆಂದು ಕಾಲುವೆ ರಸ್ತೆಯ ಪಕ್ಕದ ಒಂದು ಗದ್ದೆಗೆ ಹೋದೆವು. ಐದು ಜನ ಹುಡುಗಿಯರು, ಹುಲಿಗೆಮ್ಮ ಆರನೆಯವಳು. ಇಳಕಲ್ ಸೀರೆ, ನತ್ತು, ಹೂವು, ಸುಜಾತಾಳ ಪೆಟ್ಟಿಗೆಯ ಅರ್ಧ ಮುಖದ ಮೇಲೆ. ಬದುವಿನ ಮೇಲೆ ಸಾಲಾಗಿ ಬರುತ್ತಿದ್ದರೆ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಪಕ್ಕದ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ನಿಂತರು. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದರು. ಅವರಲ್ಲಿ ಹಿರಿಯಳೊಬ್ಬಳು ಬಲು ಕಾಳಜಿಯಿಂದ ಕೇಳಿದಳು: "ಮದುವಿ ಎಲ್ಲೈತ್ರಿ? ಹಾದಿ ತಪ್ಪಿ ಈ ಕಡಿ ಬಂದೀರೇನು?"

ಗದ್ದೆಗೆ ಗದ್ದೆಯೇ ನಕ್ಕಿತು. ನಾನು ಆಗ ಅವರನ್ನು ನೋಡಿದೆ. ಮೊದಲ ಸಲ ನೋಡಿದೆ ಎಂದೇ ಹೇಳಬೇಕು. ಪ್ರತಿಯೊಬ್ಬರೂ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ತುಂಬು ತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ್ದು. ಒಬ್ಬಳದು ಚೌಕಳಿ, ಒಬ್ಬಳದು ಬಸ್ ಕಂಡಕ್ಟರರ ಖಾಕಿ, ಒಬ್ಬಳದು ಯಾವುದೋ ಶಾಲೆಯ ತಿಳಿನೀಲಿ. ತಲೆಗೆ ಟವೆಲ್ ಬಿಗಿದಿತ್ತು. ಒಂದೇ ಒಂದು ನತ್ತು ಇರಲಿಲ್ಲ.

ಇಷ್ಟು ವರ್ಷ ಸಿಂಧನೂರಿನಿಂದ ಮಸ್ಕಿಗೆ, ಲಿಂಗಸುಗೂರಿಗೆ ಬಸ್ಸಿನ ಕಿಟಕಿಯ ಪಕ್ಕ ಕೂತು ಓಡಾಡಿದ್ದೇನೆ. ಎರಡೂ ಬದಿಗೆ ಇದೇ ಗದ್ದೆ, ಇದೇ ಬೆನ್ನು. ಹಚ್ಚಗಿದೆ, ಚೆಂದವಿದೆ ಎಂದುಕೊಂಡು ನಿದ್ದೆ ಮಾಡಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಉಪದೇಶ ಬೇರೆ. ಕೈ ಕೆಸರಾದದ್ದು ಅವರದು, ಬಾಯಿ ಮೊಸರಾದದ್ದು ನನ್ನದು ಎಂಬ ಲೆಕ್ಕ ಆ ಬದುವಿನ ಮೇಲೆ ನಿಂತಾಗ ತಿಳಿಯಿತು. ನಾಚಿಕೆಯಾಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

"ನಿನಗ ಗೊತ್ತಿತ್ತಲ್ಲ ಹುಲಿಗೆಮ್ಮಾ, ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಆಕೆ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಿದ್ದಳು. "ಗೊತ್ತಿತ್ರಿ ಸರ್. ನಾನೂ ಒಂದ್ಸಲ ಇಳಕಲ್ ಸೀರಿ ಉಟ್ಕೋಬೇಕು ಅನಿಸಿತ್ರಿ. ಅದಕ್ಕ ಸುಮ್ಮನಿದ್ದೆ."

ಇಲ್ಲಿ ಸ್ವಲ್ಪ ಇತಿಹಾಸ. ಮಾಸ್ತರರಿಂದ ಇದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಸಹಿಸಿಕೊಳ್ಳಿ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ ಎಂದು ಈ ಕಡೆಯ ಶಾಲಾಮಕ್ಕಳಿಗೂ ಗೊತ್ತು. ಆ ದೊರೆ ಎಷ್ಟೋ ಕಡೆ ತನ್ನನ್ನು ಪ್ರಿಯದರ್ಶಿ ಎಂದು ಕರೆದುಕೊಂಡಿದ್ದಾನೆ. ನೋಡಲು ಚೆಂದ ಇರುವವನು ಎಂದೂ ಇದಕ್ಕೆ ಅರ್ಥ ಹೇಳುತ್ತಾರೆ. ಒಂದು ರೀತಿಯಲ್ಲಿ ಅದು ಮೇಕಪ್ಪಿನ ಹೆಸರೇ. ಮಸ್ಕಿಯೂ ಸೇರಿ ಕೆಲವೇ ಕಡೆ ಅಪರೂಪಕ್ಕೆ ಅಶೋಕ ಎಂಬ ಮನೆಯ ಹೆಸರಿದೆ. ದೇಶವೆಲ್ಲ ಸಿಂಗರಿಸಿಕೊಂಡು ತಿರುಗಿದ ಚಕ್ರವರ್ತಿ ನಮ್ಮ ಸೀಮೆಗೆ ಬಂದಾಗ ಮುಖ ತೊಳೆದುಕೊಂಡು ನಿಂತ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು. ಅಂಥ ಊರುಗಳ ನಡುವೆ ಇದ್ದುಕೊಂಡು ನಾವು ನೆಲ್ಲು ಹಚ್ಚುವವಳ ಮೂಗಿಗೆ ನತ್ತು ಚುಚ್ಚಿದ್ದೆವು.

ಚಾರ್ಟು ಹರಿದು ಹೊಸದು ಬರೆದೆವು. ಸೀರೆಯ ಮೇಲೆ ಹಳೆಯ ಅಂಗಿ. ಅಂಗಿಗಳ ವಿಷಯದಲ್ಲಿ ನಾನು ಶ್ರೀಮಂತ ಎಂದುಕೊಂಡಿದ್ದೆ. ಸ್ಟೀಲಿನ ಪಾತ್ರೆಯವಳಿಗೆ ಹಾಕಬೇಕೆಂದು ಸರೋಜಾ ಕಟ್ಟಿಟ್ಟಿದ್ದ ಗಂಟನ್ನು ಹೊತ್ತು ತಂದು ಮೇಜಿನ ಮೇಲೆ ಬಿಚ್ಚಿದೆ. ಹುಲಿಗೆಮ್ಮ ಒಂದೊಂದೇ ಎತ್ತಿ ನೋಡಿ ಪಕ್ಕಕ್ಕಿಟ್ಟಳು. "ಎಲ್ಲಾ ಅರ್ಧ ತೋಳಿನವು ಅದಾವ್ರಿ ಸರ್. ನಡಿಯಂಗಿಲ್ಲ. ಬಿಸಿಲಿಗೆ ತೋಳು ಸುಡ್ತಾವ, ಕಸ ತೆಗಿವಾಗ ಎಲಿ ಕೊಯ್ತಾವ. ಮತ್ತ ಬಗ್ಗಿದಾಗ ಸೆರಗು ಜಾರಿದ್ರೂ ಅಂಗಿ ಇದ್ರ ಚಿಂತಿ ಇರಂಗಿಲ್ಲ." ತರಗತಿಯಲ್ಲಿ ಒಂದು ವರ್ಷದಲ್ಲಿ ಆಡದಷ್ಟು ಮಾತನ್ನು ಆಕೆ ಅಂದು ಆಡಿದಳು. ನನ್ನ ಹನ್ನೊಂದು ಅಂಗಿಗಳೂ ನಾಪಾಸಾದವು. ಬಳಗಾನೂರಿನ ಹೆಂಗಸರಲ್ಲೇ ಕೇಳಿ ತರುವುದೆಂದಾಯಿತು.

ಎಲ್ಲ ಸರಿಹೋಯಿತು ಎನ್ನುವಾಗ ದುರ್ಗಮ್ಮ ಒಪ್ಪಲಿಲ್ಲ. ಇಳಕಲ್ ಸೀರೆ ಎಂದಾಗ ಹೂಂ ಅಂದಿದ್ದವರು ಅಂಗಿ ಎಂದ ಕೂಡಲೇ ಬ್ಯಾಡ ಅಂದರಂತೆ. ಹುಲಿಗೆಮ್ಮ ಮರುದಿನ ಬಂದು ಇಷ್ಟನ್ನೇ ಹೇಳಿದಳು. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು, ನಾಟಿಯೂ ಮುಗಿಯುತ್ತ ಬಂದಿತ್ತು. ಸಿದ್ಧಾರ್ಥ ಬಹಳ ಯೋಚಿಸಿ ಒಂದು ದಾರಿ ಹುಡುಕಿದ. ದನಿ ಹುಲಿಗೆಮ್ಮನದೇ ಇರಲಿ, ಮುಖ ಬೇರೆ ಹುಡುಗಿಯದು ಇರಲಿ. ಬಾಯಿ ಆಡಿಸಿದರೆ ಯಾರಿಗೂ ತಿಳಿಯುವುದಿಲ್ಲ. ಅವನು ಕೆಟ್ಟ ಹುಡುಗನಲ್ಲ, ಅವನಿಗೆ ವಿಡಿಯೊ ಮುಗಿಯಬೇಕಿತ್ತು. ಹುಲಿಗೆಮ್ಮ "ಆಗಲಿ" ಎಂದಳು. ಹಾಜರಿ ಕೂಗಿದಾಗ ಹೇಳುವ ಅದೇ ಸಣ್ಣ ದನಿಯಲ್ಲಿ ಹೇಳಿದಳು. ಅಮ್ಮನ ಧಾಟಿಯನ್ನು ಅಮ್ಮನ ಎದುರು ತನ್ನ ಬಾಯಿಂದಲೇ ಹಾಡಿ ತೋರಿಸಬೇಕೆಂದು ಆ ಹುಡುಗಿ ಹಾಡು ಕಟ್ಟಿದ ದಿನದಿಂದ ಕಾಯುತ್ತಿದ್ದಳು. ಅದನ್ನು ಸುಜಾತಾ ನನಗೆ ಹೇಳಿದ್ದಳು. ನನ್ನಿಂದ ಸುಮ್ಮನಿರಲಾಗಲಿಲ್ಲ.

ಮರುದಿನ ನಸುಕಿನ ಮೊದಲ ಬಸ್ಸಿಗೆ ಸುಜಾತಾಳನ್ನು ಕರೆದುಕೊಂಡು ಬಳಗಾನೂರಿಗೆ ಹೋದೆ. ಕೆಲಸಕ್ಕೆ ಹೊರಡುವ ಮೊದಲೇ ದುರ್ಗಮ್ಮನವರನ್ನು ಹಿಡಿಯಬೇಕಿತ್ತು. ಹುಲಿಗೆಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಗೋಡೆಯ ಮೊಳೆಗೆ ಅಂಗೈ ಅಗಲದ ಕನ್ನಡಿ. ಅದರ ಮುಂದೆ ದುರ್ಗಮ್ಮ ತಲೆಗೆ ಎಣ್ಣೆ ಹಚ್ಚಿ, ನಡುಬೈತಲೆ ತೆಗೆದು, ಬಿಗಿಯಾಗಿ ತುರುಬು ಕಟ್ಟಿದರು. ಮುಖಕ್ಕೆ ಒಂದಿಷ್ಟು ಪೌಡರ್. ಹಣೆಗೆ ಕುಂಕುಮ. ತುರುಬಿಗೆ ಅಬ್ಬಲಿಗೆ ಹೂವಿನ ತುಣುಕು ಸಿಕ್ಕಿಸಿ, ಕನ್ನಡಿಯಲ್ಲಿ ಆ ಬದಿ ಈ ಬದಿ ತಿರುಗಿ ನೋಡಿಕೊಂಡರು. ಆಮೇಲೆ ಇದೆಲ್ಲದರ ಮೇಲೆ ನೀಲಿ ಚೌಕಳಿಯ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದರು. ಹೂವು ಮುಚ್ಚಿಹೋಯಿತು.

ಸುಜಾತಾಗೆ ತಡೆಯಲಾಗಲಿಲ್ಲ. "ಅಮ್ಮಾ, ಟಾವೆಲ್ ಕಟ್ಟಿದ ಮ್ಯಾಲ ಹೂವು ಯಾರು ನೋಡ್ತಾರ್ರಿ?"

"ನಾ ನೋಡ್ಕೊಂಡೀನಲ್ಲ ಯವ್ವಾ" ಎಂದರು ದುರ್ಗಮ್ಮ. ಅದೊಂದು ಉತ್ತರ ಎಂದು ಅವರಿಗೆ ಅನಿಸಿದಂತೆಯೂ ಇರಲಿಲ್ಲ.

ನಾನು ಬಂದ ವಿಷಯ ಹೇಳಿದೆ. ಅವರು ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡರು. "ಸರ್ರ, ನೀವು ದೊಡ್ಡೋರು, ಮನಿತನ ಬಂದೀರಿ. ಖರೆ ಹೇಳ್ತೀನಿ. ಈ ಅಂಗಿ ನನ್ನ ಮಗಳ ಮೈಮ್ಯಾಲ ಬರಬಾರದು ಅಂತ ನಾ ಇದನ್ನ ಹಾಕ್ಕೊಂಡೀನಿ. ಕಾಲೇಜಿಗೆ ಕಳಿಸಿದ ಮ್ಯಾಲೂ ಇದನ್ನ ಹಾಕಿಸ್ತೀರಂದ್ರ ಹ್ಯಾಂಗ?"

ಇದಕ್ಕೆ ನನ್ನ ಬಳಿ ಇದ್ದ ಉತ್ತರಗಳೆಲ್ಲ ಪರೀಕ್ಷೆಯಲ್ಲಿ ಬರೆಯುವಂಥವು. ಹೊರಗೆ ಕೂಲಿಯವರನ್ನು ಕರೆದೊಯ್ಯುವ ಟಂಟಂ ಆಟೊ ಬಂದು ಹಾರ್ನ್ ಹೊಡೆಯಿತು. ದುರ್ಗಮ್ಮ ಬುತ್ತಿ ಎತ್ತಿಕೊಂಡರು. ಆಗ ಹುಲಿಗೆಮ್ಮ ಬಾಗಿಲಿಂದಲೇ ಹೇಳಿದಳು: "ಇರಲಿ ಬಿಡವ್ವಾ. ದನಿ ನಂದು ಇರತೈತಿ. ಮಾರಿ ಬ್ಯಾರೆ ಹುಡುಗೀದು ಹಾಕ್ತಾರಂತ."

ದುರ್ಗಮ್ಮ ತಿರುಗಿ ನಿಂತರು. ಟಂಟಂ ಇನ್ನೊಮ್ಮೆ ಕೂಗಿತು. "ಅಂದ್ರ? ನನ್ನ ಮಗಳ ದನಿಗೆ ಇನ್ನೊಬ್ಬಾಕಿ ಮಾರಿ ಯಾಕ? ನಿನ್ನ ಮಾರಿಗೆ ಏನಾಗೈತಿ?"

"ಅಂಗಿ ಹಾಕ್ಕೊಳ್ಳೋ ಮಾರಿ ಬೇಕಾಗೈತಿ ಅವರಿಗೆ" ಎಂದಳು ಮಗಳು.

ತಾಯಿ ಮಗಳನ್ನು ನೋಡಿದರು, ತಮ್ಮ ತೋಳಿನ ಗುಂಡಿಯನ್ನು ನೋಡಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು. "ಹಂಗಾರ ಅಂಗಿ ನಂದಾ ಹಾಕ್ರಿ. ಊರಾಗಿನ ಯಾರದೋ ಬ್ಯಾಡ. ಮತ್ತ ತಲಿ ನಾನಾ ಹಿಕ್ಕತೀನಿ, ಹೂವಾ ನಾನಾ ಮುಡಸ್ತೀನಿ. ಅಂಗಿ ಹಾಕ್ಕೊಂತಾಳಂತ ತಲಿ ಕೆದರಿಸಿ ನಿಂದ್ರಿಸಬ್ಯಾಡ್ರಿ." ಇಷ್ಟು ಹೇಳಿ ಓಡಿಹೋಗಿ ಟಂಟಂ ಹತ್ತಿದರು.

ಚಿತ್ರೀಕರಣದ ದಿನ ಅವರು ಕೆಲಸ ಬಿಟ್ಟು ಬಂದರು. ಅಂಗಿಯನ್ನು ಒಗೆದು, ಮಡಿಚಿ, ಚೀಲದಲ್ಲಿ ತಂದಿದ್ದರು. ಹುಲಿಗೆಮ್ಮನನ್ನು ಬದುವಿನ ಮೇಲೆ ಕೂರಿಸಿ ಜಡೆ ಬಿಚ್ಚಿದರು. ಆಮೇಲೆ ನೋಡಿದರೆ ಹೂವು ಬಂದಿತ್ತು, ಎಣ್ಣೆ ಬಂದಿತ್ತು, ಹಣಿಗೆ ಮನೆಯಲ್ಲೇ ಉಳಿದಿತ್ತು. ಸುಜಾತಾ ತನ್ನ ಪೆಟ್ಟಿಗೆಯಿಂದ ಉದ್ದ ಬಾಲದ ಹಣಿಗೆಯೊಂದನ್ನು ಕೊಟ್ಟಳು. ದುರ್ಗಮ್ಮ ಅದರ ಬಾಲವನ್ನು ಮುಟ್ಟಿ ನೋಡಿ, "ಇದು ಹಣಿಗಿಯೋ ದಬ್ಬಣವೋ" ಎಂದು ವಾಪಸು ಕೊಟ್ಟರು. ಗುಂಡನೆಯ ಬ್ರಶ್ಶನ್ನು ಮುಟ್ಟಲೂ ಇಲ್ಲ. "ನೆಟ್ಟಗಿಂದು ಒಂದು ಹಣಿಗಿ ಇಲ್ಲೇನು ನಿಮ್ಮತ್ರ, ಇಷ್ಟು ಮಂದಿ ಅದೀರಿ?"

ಹುಡುಗ ಹುಡುಗಿಯರ ಕಣ್ಣುಗಳು ಒಂದೊಂದಾಗಿ ನನ್ನ ಜೇಬಿನ ಮೇಲೆ ಬಂದು ನಿಂತವು. ನಾನು ಹಣಿಗೆ ತೆಗೆದು, ಅಂಗಿಗೆ ಒರೆಸಿ ಕೊಟ್ಟೆ. ದುರ್ಗಮ್ಮ ಹಣಿಗೆ ನೋಡಿದರು, ನನ್ನ ತಲೆ ನೋಡಿದರು, ಏನೂ ಕೇಳಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ.

ಎಷ್ಟೋ ವರ್ಷಗಳ ಮೇಲೆ ಆ ಹಣಿಗೆ ಹಣಿಗೆಯಾಗಿ ಕೆಲಸ ಮಾಡಿತು. ನೆತ್ತಿಯಿಂದ ಬೆನ್ನಿನವರೆಗೆ ಎಳೆಯುವಾಗ ಸದ್ದು ಕೇಳುತ್ತಿತ್ತು. ತುರುಬು ಕಟ್ಟಿ, ಅಬ್ಬಲಿಗೆ ಮುಡಿಸಿ, ಕುಂಕುಮ ಇಟ್ಟು, ದುರ್ಗಮ್ಮ ಟವೆಲ್ ಬಿಗಿಯಲು ಹೊರಟಾಗ ಸಿದ್ಧಾರ್ಥ ಕ್ಯಾಮರಾ ಹಿಡಿದು ಓಡಿಬಂದ. "ಅಮ್ಮಾ, ತಡೀರಿ, ಹೂವು ಒಂದ್ಸಲ ತಗೊಂತೀನಿ. ಇಲ್ಲಾಂದ್ರ ವಿಡಿಯೊದಾಗ ಕಾಣಂಗಿಲ್ಲ."

"ಕಾಣೋದು ಯಾಕಪಾ? ಇದ್ರ ಸಾಕು" ಎಂದು ಅವರು ಟವೆಲ್ ಬಿಗಿದೇ ಬಿಟ್ಟರು. ಬೆವರು ಕಾಣಲೆಂದು ಸಿದ್ಧಾರ್ಥ ಒಂದು ನೀರಿನ ಸ್ಪ್ರೇ ಬಾಟಲಿಯನ್ನೂ ತಂದಿದ್ದ. ನಮ್ಮ ಬಿಸಿಲು ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿತು. ಸುಜಾತಾಳ ಪೆಟ್ಟಿಗೆ ಮುಚ್ಚಿದ್ದು ಮುಚ್ಚಿಯೇ ಇತ್ತು. ಆಕೆ ಬೇಸರಪಟ್ಟುಕೊಳ್ಳಲಿಲ್ಲ, ತುರುಬು ಬಿಗಿಯುವ ಆ ಸುತ್ತು ಹೇಗೆ ಎಂದು ದುರ್ಗಮ್ಮನವರಿಂದ ಎರಡು ಸಲ ಹೇಳಿಸಿಕೊಂಡಳು.

ಹುಲಿಗೆಮ್ಮ ಕೆಸರಿಗೆ ಇಳಿದು ಹಾಡಿದಳು. ಎರಡನೆಯ ಸಾಲಿಗೆ ಬರುವಾಗ ಪಕ್ಕದ ಗದ್ದೆಯ ಹೆಂಗಸರು ಕೆಲಸ ನಿಲ್ಲಿಸಿದರು. ಈ ಸಲ ಯಾರೂ ನಗಲಿಲ್ಲ. ದುರ್ಗಮ್ಮ ಬದುವಿನ ಮೇಲೆ ಕೂತು, ಕೈಯಲ್ಲಿ ನನ್ನ ಹಣಿಗೆ ಹಿಡಿದುಕೊಂಡು, ತುಟಿ ಅಲ್ಲಾಡಿಸುತ್ತಿದ್ದರು.

ವಿಡಿಯೊ ಕಳಿಸಿದೆವು. ಫಲಿತಾಂಶ ಇನ್ನೂ ಬಂದಿಲ್ಲ, ಯಾರೂ ಅದರ ದಾರಿ ಕಾಯುತ್ತಲೂ ಇಲ್ಲ. ಕಾಲೇಜಿನ ಸಭಾಂಗಣದಲ್ಲಿ ಒಮ್ಮೆ ಎಲ್ಲರಿಗೂ ತೋರಿಸಿದರು. ಆ ದಿನ ಸರೋಜಾ ತನ್ನ ಇಳಕಲ್ ಸೀರೆಗಳಲ್ಲಿ ಒಂದನ್ನು ಆರಿಸಿ ಹುಲಿಗೆಮ್ಮನಿಗೆ ಉಡಿಸಿದಳು. "ಇಲ್ಲಿ ಕೆಸರಿಲ್ಲ, ಎಷ್ಟೊತ್ತಾದ್ರೂ ಉಟ್ಕೊ" ಎಂದಳು. ಪರದೆಯ ಮೇಲೆ ನೀಲಿ ಚೌಕಳಿ ಅಂಗಿಯ ಹುಲಿಗೆಮ್ಮ, ಮುಂದಿನ ಕುರ್ಚಿಯಲ್ಲಿ ಕೆಂಪು ಸೆರಗಿನ ಹುಲಿಗೆಮ್ಮ. ಹಿಂದಿನ ಸಾಲಿನಲ್ಲಿ ನಾನು, ಸರೋಜಾ, ಆಕೆಯ ಪಕ್ಕ ದುರ್ಗಮ್ಮ. ಗದ್ದೆಯಲ್ಲಿ ಅವರ ಕೈಯಲ್ಲೇ ಉಳಿದುಹೋಗಿದ್ದ ನನ್ನ ಹಣಿಗೆಯನ್ನು ಅವರು ಅಂದೇ ಮರಳಿಸಿದ್ದರು. ಹಾಡು ಅರ್ಧಕ್ಕೆ ಬಂದಾಗ ದುರ್ಗಮ್ಮ ಸರೋಜಾಳ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಟಾವೆಲ್ ಒಳಗ ಹೂವಾ ಐತ್ರಿ ಅಕ್ಕಾರ."

ಅಂದು ಸಂಜೆ ಸರೋಜಾ ಅಂಗಿ ಒಗೆಯಲು ತೆಗೆದಳು. ಎಂದಿನಂತೆ ಹಣಿಗೆಯನ್ನು ಹೊರತೆಗೆದವಳು ಅದನ್ನು ಬೆಳಕಿಗೆ ಹಿಡಿದಳು. ಮುರಿದ ಹಲ್ಲಿನ ಸಂದಿಯಲ್ಲಿ ಒಂದು ಉದ್ದನೆಯ ಕರಿಕೂದಲು ಸಿಕ್ಕಿಕೊಂಡಿತ್ತು. ಬಕ್ಕತಲೆಯ ಗಂಡನ ಹಣಿಗೆಯಲ್ಲಿ ಇಂಥದೊಂದು ಸಿಕ್ಕರೆ ಬೇರೆ ಮನೆಗಳಲ್ಲಿ ಏನಾಗುತ್ತಿತ್ತೋ. ಆಕೆಗೆ ಬದುವಿನ ಮೇಲೆ ನಡೆದದ್ದೆಲ್ಲ ಗೊತ್ತಿತ್ತು. ಕೂದಲನ್ನು ಬಿಡಿಸಿ, ಹಣಿಗೆಯನ್ನು ತೊಳೆದು, ಸೆರಗಿಗೆ ಒರೆಸಿ, ಈ ಸಲ ಮೇಜಿನ ಮೇಲೆ ಇಡದೆ ಮರುದಿನಕ್ಕೆ ಮಡಿಚಿಟ್ಟ ಅಂಗಿಯ ಜೇಬಿಗೇ ಹಾಕಿದಳು.

ಈಗಲೂ ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಕನ್ನಡಿಯ ಮುಂದೆ ನಿಂತು, ಕಿವಿಯ ಮೇಲಿನ ನಾಲ್ಕು ಎಳೆಗಳನ್ನು ಆ ಬದಿ ಈ ಬದಿ ತಿರುಗಿ ಬಾಚಿಕೊಳ್ಳುತ್ತೇನೆ. ಯಾರು ನೋಡುತ್ತಾರೆಂದು ಸರೋಜಾ ಕೇಳುವುದನ್ನು ಬಿಟ್ಟಿದ್ದಾಳೆ.